ಕೊಡೆಯ ಬೆನ್ನು ಬಿದ್ದ ಸೂಪರ್‌ವೈಸರ್

ಕೊಡೆ ಕಾರ್ಖಾನೆಯ ಸೂಪರ್‌ವೈಸರನಿಗೆ ಆ ದಿನದ ಗ್ರಹಚಾರ ಬೆಳಿಗ್ಗೆಯೇ ಒಂದು ಪ್ರಶ್ನೆಯಾಗಿ ವಕ್ಕರಿಸಿತು. ಯಜಮಾನರು ಮೆಟ್ಟಿಲ ಮೇಲೆ ನಿಂತೇ ಕೇಳಿದರು.

"ಏನಯ್ಯ, ಬಟ್ಟೆ ಇದೆ, ಕಡ್ಡಿ ಇದೆ, ಜನ ಇದ್ದಾರೆ. ಆದ್ರೂ ಅಂಗಡಿಯವರು ಕೊಡೆ ಎಲ್ಲಿ, ಕೊಡೆ ಎಲ್ಲಿ ಅಂತ ನನ್ನ ಪ್ರಾಣ ತಿಂತಿದ್ದಾರೆ. ಕೆಲಸ ಎಲ್ಲಿ ಸಿಕ್ಕಿಹಾಕ್ಕೊಂಡಿದೆ? ಸಂಜೆಯೊಳಗೆ ಹೇಳ್ಬೇಕು. ಇಲ್ಲಾಂದ್ರೆ ವಾಪಸ್ ಗೋದಾಮಿಗೆ ಹೋಗು."

ಗೋದಾಮು ಎಂದರೆ ನೆಲಮಾಳಿಗೆ. ಕಿಟಕಿಯಿಲ್ಲ, ಧೂಳಿಗೆ ಮಾತ್ರ ಬರವಿಲ್ಲ. ಅಲ್ಲಿ ಸೀನಿ ಸೀನಿ ಮೂಗು ಕೆಂಪಾದ ಮೇಲೆ ನಮ್ಮ ಸೂಪರ್‌ವೈಸರ್ ಮೇಲೆ ಬಂದದ್ದು. ಹೆಂಡತಿ ಆಗಲೇ ಬೀದಿಗೆಲ್ಲ "ನಮ್ಮನೆಯವರು ಈಗ ಆಫೀಸರು" ಎಂದು ಸಾರಿಬಿಟ್ಟಿದ್ದಳು. ಪಾಪ, ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಆದರೆ ಹೆದರಿಕೆಗಿಂತ ಅವನಿಗೆ ಕುತೂಹಲ ಒಂದು ತೂಕ ಹೆಚ್ಚು. ಹಿಂದಿನ ವಾರ ತರಬೇತಿಗೆ ಬಂದಿದ್ದ ಮೇಷ್ಟ್ರು ಹೇಳಿದ್ದರು: "ಯಾವ ವಸ್ತುವಾದ್ರೂ ತಯಾರಾಗೋಕೆ ಹಿಡಿಯೋ ಹೊತ್ತು ಕಡಿಮೆ, ಕಾಯೋ ಹೊತ್ತೇ ಜಾಸ್ತಿ. ಒಂದೇ ಒಂದು ವಸ್ತುವಿನ ಬೆನ್ನು ಬೀಳಿ. ಅದು ಎಲ್ಲಿ ಸುಮ್ಮನೆ ಕೂರುತ್ತೋ ಅಲ್ಲೇ ರೋಗ." ಬೇರೆಯವರೆಲ್ಲ ಊಟದ ಗಂಟೆಗೆ ಕಿವಿಗೊಟ್ಟು ಕೂತಿದ್ದಾಗ ಇವನೊಬ್ಬನೇ ಮೇಷ್ಟ್ರಿಗೆ ಕಿವಿಗೊಟ್ಟಿದ್ದ.

ಸರಿ, ಕತ್ತರಿಸಿಟ್ಟ ಬಟ್ಟೆಯಲ್ಲಿ ಒಂದು ಕೊಡೆಗಾಗುವಷ್ಟು ತೆಗೆದು, ಗುರುತಿಗೆ ಕೆಂಪು ದಾರ ಕಟ್ಟಿ ಹೊಲಿಗೆ ಅಕ್ಕನ ಮುಂದಿದ್ದ ರಾಶಿಯ ಕೆಳಗೆ ಸೇರಿಸಿ ಪಕ್ಕದಲ್ಲೇ ನಿಂತ. ಅಕ್ಕ ಮಷೀನು ನಿಲ್ಲಿಸಿದಳು.

"ಇದೇನು ತಮ್ಮಾ, ಕೆಂಪು ದಾರ?"

"ಏನಿಲ್ಲ ಅಕ್ಕಾ, ಅದರ ಪಾಡಿಗೆ ಅದು ಬರ್ಲಿ."

ಏನಿಲ್ಲ ಎಂದಮೇಲೆ ಏನೋ ಇದೆ ಎಂದು ಅಕ್ಕನಿಗೆ ಖಾತ್ರಿಯಾಯಿತು. ರಾಶಿಯ ಕೆಳಗಿನಿಂದ ಅದನ್ನೇ ಎಳೆದು ಮೊದಲು ಹೊಲಿದಳು, ಅದೂ ಎರಡೆರಡು ಸಲ. ಅವಳು ಹೊಲಿದು ಮುಗಿಸುವಷ್ಟರಲ್ಲಿ ಅದು ಯಜಮಾನರ ಮಗಳ ಕೊಡೆಯಂತೆ ಎಂಬ ಸುದ್ದಿ ಕಾರ್ಖಾನೆಯ ಆ ತುದಿ ಮುಟ್ಟಿ ವಾಪಸ್ಸು ಬಂದಿತ್ತು.

ಕಡ್ಡಿ ಕೂರಿಸುವವರನ್ನು ಎಲ್ಲರೂ ಕಡ್ಡಿ ಮಾವ ಎನ್ನುತ್ತಿದ್ದರು, ಕೆಲಸಕ್ಕೂ ಸೈ, ಮೈಕಟ್ಟಿಗೂ ಸೈ. ಅವರು ಕೈಯಲ್ಲಿದ್ದದ್ದನ್ನು ಬಿಟ್ಟು ಕೆಂಪು ದಾರದ ಕೊಡೆಯನ್ನು ಮಗುವಿನ ಹಾಗೆ ಮಡಿಲಿಗೆ ತೆಗೆದುಕೊಂಡರು.

"ಮಾವಾ, ಅವಸರ ಬೇಡ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ."

"ದಿನಾ ಮಾಡೋ ಹಾಗಾ?"

"ಹೌದು, ಹಾಗೇ."

"ಮೊದಲೇ ಹೇಳ್ಬಾರ್ದಾ!" ಎಂದು ಮಾವ ಕೊಡೆ ಕೆಳಗಿಟ್ಟು ಟೀ ಕುಡಿಯಲು ಹೋದರು. ಬರುವಾಗ ಯಾರದೋ ಮೊಣಕಾಲು ನೋವಿನ ಕತೆ ಕೇಳಿಕೊಂಡು ನಿಧಾನವಾಗಿ ಬಂದರು. ಸೂಪರ್‌ವೈಸರ್ ತುಟಿ ಕಚ್ಚಿಕೊಂಡು ಕಾದ. ಇಲ್ಲೇ ರೋಗ ಸಿಕ್ಕಿತು ಎಂದುಕೊಳ್ಳುವಷ್ಟರಲ್ಲಿ ಮಾವ ಕೂತರು ನೋಡಿ, ಕೈ ಕಣ್ಣಿಗೆ ಕಾಣಿಸಲಿಲ್ಲ. ಟೀ ಹೊತ್ತಿನಲ್ಲಿ ಬೆಳೆದಿದ್ದ ರಾಶಿಯೆಲ್ಲ ಕರಗಿಹೋಯಿತು. ಇಲ್ಲೂ ರೋಗವಿಲ್ಲ!

ಹಾಗಾದರೆ ಎಲ್ಲಿ? ಅವನಿಗೆ ತಲೆ ಬಿಸಿಯಾಯಿತು, ಅಷ್ಟೇ ಮಜವೂ ಆಯಿತು. ವರ್ಷಗಟ್ಟಲೆ ಓಡಾಡಿದ ಜಾಗವೇ ಹೊಸದಾಗಿ ಕಾಣುತ್ತಿತ್ತು. ಕೊಡೆಯ ಹಿಂದೆಯೇ ಪ್ಯಾಕಿಂಗ್ ಕೋಣೆಗೆ ನುಗ್ಗಿದವನು ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸಿದ್ಧವಾದ ಕೊಡೆಗಳು ಕಟ್ಟುಕಟ್ಟಾಗಿ ಸೂರಿನವರೆಗೆ ಏರಿದ್ದವು.

"ಇಷ್ಟೊಂದು ಯಾಕೆ ಕಳಿಸಿಲ್ಲ?"

"ಒಂದೊಂದು ಕಂತಿಂದ ಒಂದೊಂದು ಸ್ಯಾಂಪಲ್ ಮೇಲೆ ಹೋಗಿದೆ. ಓಕೆ ಬಂದಿಲ್ಲ," ಎಂದ ಪ್ಯಾಕಿಂಗಿನವನು. ಬಳಿಕ ಕೆಂಪು ದಾರ ಕಂಡು, "ಈ ಕಂತಿಗೆ ಇದನ್ನೇ ಕಳಿಸೋಣ, ಲಕ್ಷಣವಾಗಿದೆ," ಎಂದು ಮೆಟ್ಟಿಲು ಹತ್ತಿದ. ಸೂಪರ್‌ವೈಸರನೂ ಹತ್ತಿದ. ಕೊಡೆ ಸೀದಾ ಯಜಮಾನರ ಕೋಣೆಗೆ ಹೋಯಿತು.

ಅಲ್ಲಿ ಬಾಗಿಲ ಹಿಂದೆ ಒಂದು ರಾಶಿ ಸ್ಯಾಂಪಲ್ ಕೊಡೆಗಳು ಗೋಡೆಗೊರಗಿ ನಿಂತಿದ್ದವು. ರೋಗವೇನೋ ಸಿಕ್ಕಿತು, ರೋಗಿಗೆ ಹೇಳುವುದು ಹೇಗೆ?

"ಸಾರ್... ಇವುಗಳನ್ನ ತಾವು ಯಾವಾಗ ಪರೀಕ್ಷೆ ಮಾಡ್ತೀರಿ?"

"ಯಾವಾಗ ಅಂದ್ರೆ? ಮಳೆ ಬಂದಾಗ! ನಾನೇ ಹಿಡ್ಕೊಂಡು ಅಂಗಳದಲ್ಲಿ ಒಂದು ಸುತ್ತು ಬರ್ತೀನಿ. ನಮ್ಮಪ್ಪ ಹಾಕಿಕೊಟ್ಟ ಪದ್ಧತಿ."

"ಆದ್ರೆ ಸಾರ್, ಮಳೆ ಬಂದ ಮೇಲೆ ಕೊಡೆ ಕಳಿಸಿದ್ರೆ, ಅಷ್ಟೊತ್ತಿಗೆ ಜನ ಬೇರೆಯವರ ಕೊಡೆ ಕೊಂಡಿರ್ತಾರಲ್ಲಾ?"

ಯಜಮಾನರು ಕಿಟಕಿಯಾಚೆ ಒಣ ಆಕಾಶ ನೋಡಿದರು, ಬಾಗಿಲ ಹಿಂದಿನ ಕೊಡೆ ನೋಡಿದರು. ಸೂಪರ್‌ವೈಸರ್ ಜೀವ ಕೈಯಲ್ಲಿ ಹಿಡಿದು ಇನ್ನೊಂದು ಮಾತು ಸೇರಿಸಿದ. "ತಾರಸಿಯಿಂದ ಪೈಪಲ್ಲಿ ನೀರು ಬಿಟ್ರೂ ಸೋರುತ್ತೋ ಇಲ್ವೋ ಗೊತ್ತಾಗುತ್ತೆ ಸಾರ್."

"ಭೇಷ್!" ಯಜಮಾನರು ಮೇಜು ಗುದ್ದಿದರು. "ಗೋದಾಮಿನ ಮಾತು ಬಿಡು. ನಿನಗೆ ಇವತ್ತಿಂದಲೇ ದೊಡ್ಡ ಜವಾಬ್ದಾರಿ."

ಅವನ ಕಣ್ಣ ಮುಂದೆ ಗಾಜಿನ ಕೋಣೆ, ತಿರುಗುವ ಕುರ್ಚಿ ಬಂದುಹೋದವು.

ಮಧ್ಯಾಹ್ನದ ಹೊತ್ತಿಗೆ ಅವನು ಅಂಗಳದ ನಡುವೆ ಕೊಡೆ ಹಿಡಿದು ನಿಂತಿದ್ದ. ತಾರಸಿಯ ಮೇಲೆ ಪೈಪು ಹಿಡಿದು ಸ್ವತಃ ಯಜಮಾನರು. ಸೋರುವ ಕೊಡೆ ಯಾವುದು ಎಂಬುದು ಎಲ್ಲರಿಗಿಂತ ಮೊದಲು ಅವನ ನೆತ್ತಿಗೆ ತಿಳಿಯುತ್ತಿತ್ತು. ಸೋರದಿದ್ದವೂ ಅವನ ಮೊಣಕಾಲಿನ ಕೆಳಗಿನ ಹೊಣೆ ಹೊರಲಿಲ್ಲ.

"ಓಕೆ! ಮುಂದಿನದು!"

ಬಾಗಿಲ ಹಿಂದಿನ ರಾಶಿ ಈಗ ಅವನ ಮುಂದೆ ಬಂದು ನಿಂತಿತ್ತು. ಹೊಲಿಗೆ ಅಕ್ಕ ಕಿಟಕಿಯಲ್ಲಿ ತಲೆಹಾಕಿ, "ಬೇಗ ನೆನಿ ತಮ್ಮಾ, ಹೊಲಿದದ್ದು ಇಡೋಕೆ ಜಾಗ ಇಲ್ದೆ ನಮ್ಮ ಕೆಲಸ ನಿಂತಿದೆ!" ಎಂದಳು. ಯಜಮಾನರಿಗೂ ಅದು ಹೌದೆನಿಸಿತು.

"ಏನಯ್ಯ, ಈಗ ಇಡೀ ಕಾರ್ಖಾನೆ ನಿನ್ನೊಬ್ಬನಿಗೆ ಕಾಯ್ತಿದೆಯಲ್ಲ! ಸ್ವಲ್ಪ ಚುರುಕಾಗು!"

ಅವನಿಗೆ ಒಮ್ಮೆಗೇ ಗೋದಾಮು ಸ್ವರ್ಗದಂತೆ ಕಂಡಿತು. ಏನೇ ಆದರೂ ಒಣ ಜಾಗ. ಹಲ್ಲು ಕಟಕಟಿಸುತ್ತ ಮೇಲೆ ನೋಡಿ ಕೂಗಿದ.

"ಸಾರ್, ನನ್ನ ಗೋದಾಮಿಗೇ ಕಳಿಸಿಬಿಡಿ!"

"ಅದೆಲ್ಲಿ ಆಗುತ್ತಯ್ಯ," ಎಂದರು ಯಜಮಾನರು, ಪೈಪನ್ನು ಅವನತ್ತ ತಿರುಗಿಸುತ್ತ. "ಅಲ್ಲಿ ಯಾರೂ ಬೆನ್ನು ಬೀಳೋದಿಲ್ಲ ಅಂತ ಕಡ್ಡಿ ಮಾವ ಈಗ ತಾನೇ ಆ ಕೆಲಸ ಕೇಳಿ ತಗೊಂಡ್ರು."