ಯಾರ ಮನೆಯದೂ ಅಲ್ಲದ ಬಿಸಿಲು

ಬಣ್ಣದ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ. ನಾನು ಆರಿಸಿದ ದಾರದಲ್ಲಿ ಹೊಲಿಗೆ ಹಾಕಿದರೆ, ಹರಿದದ್ದೆಲ್ಲಿ ಎಂಬುದು ಆ ಬಟ್ಟೆಗೇ ಮರೆತುಹೋಗುತ್ತದೆ. ಹೀಗಾಗಿ ಸೊಸೆ ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದ ಆ ಮಧ್ಯಾಹ್ನ, "ಏಳು, ನಾನು ನೋಡ್ತೀನಿ" ಎಂದು ಕನ್ನಡಕ ಏರಿಸಿಕೊಂಡು ರಣರಂಗಕ್ಕೆ ಇಳಿದೇ ಬಿಟ್ಟೆ.

ಅವಳ ಕಸುಬು ಹೇಳಬೇಕು. ಕೀಬೋರ್ಡಿನ ಗುಂಡಿಗಳಿಗೆ ತೊಡಿಸುವ ಪುಟ್ಟ ಟೋಪಿಗಳನ್ನು ಜನರ ಆಸೆಯಂತೆ ಮಾಡಿಸಿಕೊಡುವುದು. ಕೀಕ್ಯಾಪ್ ಎನ್ನುತ್ತಾಳೆ. ಮೊದಲು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುತ್ತಾಳೆ, ಮೆಚ್ಚಿದವರು ತಮಗೂ ಬೇಕೆಂದು ಹೆಸರು ಬರೆಸುತ್ತಾರೆ, ಆಮೇಲೆ ಕಾರ್ಖಾನೆಯವರು ಎರಕ ಹೊಯ್ಯುತ್ತಾರೆ. ಈ ಸಲದ ಬಣ್ಣಕ್ಕೆ 'ಮುಸ್ಸಂಜೆ' ಎಂದು ಹೆಸರಿಟ್ಟಿದ್ದಳು. ಅವಳು ಸ್ವಂತಕ್ಕೆ ಕೈಹಾಕಿದ ಮೊದಲ ಕೆಲಸ. ಮಾದರಿಗೆಂದು ಒಂದೇ ಒಂದು ಟೋಪಿ ಬಂದಿತ್ತು. ಅದು ಚಿತ್ರಕ್ಕೆ ಹೊಂದುತ್ತದೋ ಇಲ್ಲವೋ, ಸಂಜೆಯೊಳಗೆ ಕಾರ್ಖಾನೆಗೆ ಹೇಳಬೇಕು.

"ತಪ್ಪಾದ್ರೆ ಮುಗೀತು ಅತ್ತೆ. ಚಿತ್ರ ಒಂದು ತೋರ್ಸಿ ಸಾಮಾನು ಇನ್ನೊಂದು ಕೊಟ್ಳು ಅಂತಾರೆ. ಆಮೇಲೆ ನನ್ನ ಹತ್ರ ಯಾರೂ ಬರಲ್ಲ. ಬೆಳಗ್ಗಿಂದ ನೋಡಿ ನೋಡಿ ನಂಗೆ ಎಲ್ಲಾ ಬಣ್ಣನೂ ಒಂದೇ ಥರ ಕಾಣ್ತಿದೆ."

ಟೋಪಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಇತ್ತು. "ಏನಂತ ಬರೆದಿದೆ?"

"'ಎಸ್ಕೇಪ್' ಅಂತ. 'ತಪ್ಪಿಸ್ಕೋ' ಅಂದ ಹಾಗೆ."

ಆ ಟೋಪಿಗಿದ್ದ ಬುದ್ಧಿ ನನಗಿರಲಿಲ್ಲ.

ಚಿತ್ರ ನೋಡಿದೆ. ಮೇಜು, ಕೀಬೋರ್ಡು, ಎಡಕ್ಕೆ ಚಾಚಿದ ಕಿಟಕಿಯ ನೆರಳು. ಬೂದಿಗೂ ನೇರಳೆಗೂ ನಡುವಿನ ಬಣ್ಣ, ದೀಪ ಹಚ್ಚಲು ಮರೆತ ಮನೆಯ ಹಾಗೆ.

"ಯಾರ ಮನೆ ಇದು?"

"ಯಾರದ್ದೂ ಅಲ್ಲ."

"ಫೋಟೋ ತೆಗೆದೋರು?"

"ಯಾರೂ ತೆಗ್ದಿಲ್ಲ ಅತ್ತೆ. ಎಲ್ಲಾ ಕಂಪ್ಯೂಟರ್‌ದೇ. ಆ ಮೇಜೂ ಇಲ್ಲ, ಕಿಟಕಿನೂ ಇಲ್ಲ."

"ಮತ್ತೆ ನೆರಳು?"

"ಇಲ್ಲದಿರೋ ಕಿಟಕಿದು."

ಖಾಲಿ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಲ್ಲದ ಮನೆ ನೋಡಿದ್ದು ಅದೇ ಮೊದಲು. ಮೇಜಿನ ಮೇಲೊಂದು ಲೋಟ. ಅದರಿಂದ ಹಬೆ ಎದ್ದು ಅಲ್ಲೇ ನಿಂತಿತ್ತು. ಕುಡಿಯುವವರು ಬರುತ್ತಾರೇನೋ ಎಂದು ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದೆ ಕೂಡ.

ಕೈಯಲ್ಲಿದ್ದ ಟೋಪಿ ಮಾತ್ರ ಬರೀ ಸಿಮೆಂಟು ಬಣ್ಣ.

ಸೊಸೆ ಕಣ್ಣು ಮುಚ್ಚಿ ಒರಗಿದಳು. ನಾನು ಚಿತ್ರವಿದ್ದ ಫೋನು ಒಂದು ಕೈಯಲ್ಲಿ, ಟೋಪಿ ಇನ್ನೊಂದು ಕೈಯಲ್ಲಿ ಹಿಡಿದು ಹೊರಟೆ. ಬಣ್ಣ ಒಳಗೇ ಅಡಗಿದೆ, ತಕ್ಕ ಬೆಳಕು ಸಿಕ್ಕಿಲ್ಲ, ಅಷ್ಟೇ ಎಂಬುದು ನನ್ನ ಮಹಾ ಸಿದ್ಧಾಂತ. ಟೋಪಿ ಒಂದೊಂದು ಕೋಣೆಯಲ್ಲಿ ಒಂದೊಂದು ಮುಖ ತೋರಿಸಿತು. ಅಡುಗೆಮನೆಯಲ್ಲಿ ಕಾಮಾಲೆಯ ಹಳದಿ. ಮೆಟ್ಟಿಲ ಕೆಳಗೆ ಕಪ್ಪು. ಬಾಗಿಲ ಬಳಿ ಹೆಣದ ಉಗುರಿನ ಬಣ್ಣ. ಬಿಸಾಡಿಬಿಡೋಣ ಎನಿಸಿತು.

ಕೊನೆಗೆ ಸ್ನಾನದ ಮನೆ. ಮಬ್ಬು ಗಾಜಿನ ಕಿಟಕಿ, ಇಳಿಬಿಸಿಲು. ಬಕೆಟ್ಟಿನ ಅಂಚಿನ ಮೇಲೆ ಟೋಪಿ ಇಟ್ಟೆ. ನೀರಿಗೆ ಶಾಯಿ ಬಿಟ್ಟಂತೆ ಅದರೊಳಗೆ ನೇರಳೆ ಮೆಲ್ಲಗೆ ತುಂಬಿಕೊಂಡಿತು. ನೆರಳು ಎಡಕ್ಕೆ ಚಾಚಿತು. ಇಲ್ಲದ ಕಿಟಕಿ ನಮ್ಮ ಸ್ನಾನದ ಮನೆಯಲ್ಲಿತ್ತು. ಮೇಜೂ ಬಂದುಬಿಟ್ಟಿದೆಯೋ ಎಂದು ತಿರುಗಿ ನೋಡಿದೆ. ಕನ್ನಡಿಯಲ್ಲಿ ನನ್ನ ಮುಖವೂ ಮುಸ್ಸಂಜೆಯಾಗಿತ್ತು. ತೀರಿಹೋಗಿ ಬಹಳ ಹೊತ್ತಾದವಳಂತೆ, ಆದರೆ ನೆಮ್ಮದಿಯಿಂದ.

ಓಡಿಬಂದೆ. "ಹೊಂದ್ತು ಕಣೇ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ನಿದ್ದೆಗಣ್ಣಿನಲ್ಲೇ ಅವಳು ಕಾರ್ಖಾನೆಗೆ ಹೂಂ ಅಂದಳು. ಎಲ್ಲಿ ನೋಡಿದಿರಿ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾರ್ಖಾನೆಯವರು ಪೆಟ್ಟಿಗೆಗಳನ್ನು ಗಿರಾಕಿಗಳಿಗೆ ನೇರವಾಗಿ ಕಳಿಸಿದರು, ನಮ್ಮ ಮನೆಗೂ ಕೆಲವು ಬಂದವು. ಬಿಚ್ಚಿದರೆ ಒಳಗೆಲ್ಲ ಸಿಮೆಂಟು.

"ಅತ್ತೆ, ಅವತ್ತು ಎಲ್ಲಿ ನೋಡಿದ್ರಿ?"

"ಸ್ನಾನದ ಮನೇಲಿ."

ಅವಳು ಹೋಗಿ ಕಿಟಕಿ ತೆರೆದಳು. ಎದುರಿಗೆ ಪಕ್ಕದ ಮನೆಯವರು ಹೊಸದಾಗಿ ನೇರಳೆ ಬಣ್ಣ ಹೊಡೆಸಿದ ಗೋಡೆ, ಅದರ ತುಂಬ ಬಿಸಿಲು. ಬಯ್ದಿದ್ದರೆ ಚೆನ್ನಾಗಿತ್ತು. ಮಾತು ಕೇಳಿಸಿಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ. ಅವಳು ಕಿಟಕಿ ಮುಚ್ಚಿ, ಹೋಗಿ ಪೆಟ್ಟಿಗೆಗಳ ಮುಂದೆ ಕೂತಳು.

ಪೆಟ್ಟಿಗೆ ತಲುಪಿದ ಮೊದಲ ಗಿರಾಕಿ, ಒಬ್ಬ ತೆಳ್ಳನೆಯ ಮನುಷ್ಯ, ಅದನ್ನು ಹೊತ್ತುಕೊಂಡೇ ನಮ್ಮ ಬಾಗಿಲಿಗೆ ಬಂದ. "ಮೇಡಂ, ಚಿತ್ರದಲ್ಲಿದ್ದ ಬಣ್ಣ ಇದಲ್ಲ."

ಸೊಸೆ ಬಾಯಿ ತೆರೆಯುವ ಮೊದಲೇ ನಾನು, "ಬಾಪ್ಪ ಒಳಗೆ" ಎಂದು ಕೈಹಿಡಿದು ಸ್ನಾನದ ಮನೆಗೆ ಕರೆದೊಯ್ದೆ. ಸೊಸೆಯೂ ಬಂದಳು. ಅವನ ಪೆಟ್ಟಿಗೆಯ ಒಂದು ಟೋಪಿಯನ್ನು ಬಕೆಟ್ಟಿನ ಅಂಚಿನ ಮೇಲಿಟ್ಟು ಬಾಗಿಲು ಹಾಕಿದೆ. ಮೂವರೂ ಬಕೆಟ್ಟಿನ ಸುತ್ತ ಉಸಿರು ಬಿಗಿಹಿಡಿದು ನಿಂತೆವು. ಬಿಸಿಲು ಇಳಿಯಿತು. ನೇರಳೆ ಬಂತು. ಅವನು ತನ್ನ ಫೋನಿನ ಚಿತ್ರವನ್ನು ಪಕ್ಕಕ್ಕೆ ಹಿಡಿದ.

"ಅದೇ," ಎಂದ ಪಿಸುದನಿಯಲ್ಲಿ. "ಅದೇ ಬೆಳಕು. ನೆರಳೂ ಅದೇ."

ನಾನು ಉಬ್ಬಿಹೋದೆ. ಸೊಸೆ ಮಾತ್ರ ತಲೆ ತಗ್ಗಿಸಿ, "ತಪ್ಪು ನಮ್ಮದೇ ಸರ್. ಈ ಸಲ ನಾನೇ ಬಯಲು ಬೆಳಕಲ್ಲಿ ನೋಡಿ, ಎಲ್ಲರಿಗೂ ಹೊಸದು ಮಾಡಿಸಿ ಕೊಡ್ತೀನಿ" ಎಂದಳು.

"ಹೊಂದ್ತಲ್ಲಮ್ಮ, ಇನ್ಯಾಕೆ ಹೊಸದು?" ಎಂದೆ.

ಅವನು ಬಕೆಟ್ಟನ್ನು ನೋಡಿದ, ನಲ್ಲಿಯನ್ನು ನೋಡಿದ, ನನ್ನನ್ನು ನೋಡಿದ.

"ಅಜ್ಜಿ ಹೇಳೋದೂ ಸರಿ. ಹಾಗಾದ್ರೆ ಇಲ್ಲೇ ಒಂದು ಕುರ್ಚಿ ಹಾಕ್ಸಿಬಿಡಿ ಅಜ್ಜಿ, ನಾಳೆಯಿಂದ ಆಫೀಸ್ ಕೆಲಸಕ್ಕೆ ಇಲ್ಲಿಗೇ ಬರ್ತೀನಿ."