ಗಣಪತಿಗೆ ಮುಖ ಮಾಡಿದ ಸ್ಪೀಕರುಗಳು

ನನ್ನ ಸಹಾಯ ಬೇಕೆಂದು ಯಾರೂ ಕೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಟಿ. ದಾಸರಹಳ್ಳಿಯ ನಮ್ಮ ಬೀದಿ ಲಾಳದ ಹಾಗೆ ಬಾಗಿದೆ. ಒಂದು ತುದಿಯಲ್ಲಿ ಗಣಪತಿಯ ಪೆಂಡಾಲು. ಇನ್ನೊಂದು ತುದಿ ಸುತ್ತಿಕೊಂಡು ಬಂದು ಅದರ ಪಕ್ಕದಲ್ಲೇ ಮುಗಿಯುತ್ತದೆ. ಈ ಸಲ ಪೆಂಡಾಲಿನಲ್ಲಿ ನನ್ನ ಹೆಂಡತಿ ಸುಮತಿ ಮೊದಲ ಬಾರಿಗೆ ಹಾಡುವವಳಿದ್ದಳು. ಆಷಾಢದಿಂದಲೇ ಅಭ್ಯಾಸ ನಡೆದಿತ್ತು.

"ಇಡೀ ಬೀದಿಗೆ ಕೇಳಿಸೋ ಹಾಗೆ ಮಾಡ್ತೀನಿ ನೋಡು" ಎಂದೆ.

"ನೀವು ಸುಮ್ನಿದ್ರೆ ಸಾಕು ಕಣ್ರೀ" ಎಂದಳು.

ಸುಮ್ಮನಿರಲಿಲ್ಲ!

ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನನ್ನ ಸಂಶೋಧನೆ ನಾನ್-ಹರ್ಮಿಷಿಯನ್ ವ್ಯವಸ್ಥೆಗಳ ಮೇಲೆ. ಹೆಸರಿಗೆ ಹೆದರಬೇಡಿ. ಪಕ್ಕದ ಮನೆಗೆ ಒಬ್ಬಟ್ಟು ಕೊಟ್ಟ ಡಬ್ಬಿ ಖಾಲಿ ಬರುವುದಿಲ್ಲ, ಕೋಡುಬಳೆ ತುಂಬಿಕೊಂಡು ಬರುತ್ತದೆ. ಕೊಟ್ಟದ್ದಕ್ಕೆ ಬಂದದ್ದು ಸಮ. ನನ್ನ ವ್ಯವಸ್ಥೆಗಳಲ್ಲಿ ಈ ಸೌಜನ್ಯವಿಲ್ಲ. ಒಂದು ದಿಕ್ಕಿಗೆ ಹೋಗುವುದು ಹೆಚ್ಚು, ಹಿಂದಿರುಗುವುದು ಕಡಿಮೆ. ಹಾಗಾಗಿ ಸಾಲಿನಲ್ಲಿ ಎಲ್ಲಿ ಏನು ಹಾಕಿದರೂ ಕೊನೆಗೆ ಒಂದು ತುದಿಗೆ ಬಂದು ಗುಡ್ಡೆ ಬೀಳುತ್ತದೆ. ಆ ಸಾಲಿನ ತುದಿಗಳನ್ನು ಸೇರಿಸಿ ಬಳೆ ಮಾಡಿದರೋ, ಅದರ ಗುಣವೇ ಬದಲಾಗುತ್ತದೆ. ಈ ಕೊನೆಯ ಮಾತನ್ನು ನಾನು ಆ ದಿನ ನೆನಪಿಟ್ಟುಕೊಳ್ಳಬೇಕಿತ್ತು.

ಪೀಣ್ಯದಿಂದ ಸಾಮಾನು ತಂದು ಬೀದಿಯ ಕಂಬಕ್ಕೊಂದರಂತೆ ಪೆಟ್ಟಿಗೆಗಳನ್ನು ತಯಾರಿಸಿದೆ. ಬೆನ್ನಿಗೆ ಮೈಕು, ಮುಂದೆ ಸ್ಪೀಕರು. ಹಿಂದಿನಿಂದ ಕೇಳಿದ್ದನ್ನು ಮುಂದಿನ ಕಂಬಕ್ಕೆ ಇನ್ನಷ್ಟು ಜೋರಾಗಿ ಹೇಳುವುದು ಅದರ ಕೆಲಸ. ಪೆಂಡಾಲಿನಿಂದ ಹೊರಟ ಹಾಡು ಕಂಬದಿಂದ ಕಂಬಕ್ಕೆ ಬೆಳೆಯುತ್ತ ಬೀದಿಯ ಕೊನೆ ಮುಟ್ಟಬೇಕು.

ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಕೊಪ್ಪಳದ ಶಿವಪ್ಪ ಅವನ್ನು ಕಟ್ಟಲು ಏಣಿ ಹತ್ತಿದ. ಹತ್ತಿದವನೇ ನಿಂತ.

"ಸರ, ಇದರ ಬೆನ್ನು ಗಣಪ್ಪಗ ಬರತೈತಲ್ರೀ."

ಸಮಿತಿಯ ಅಧ್ಯಕ್ಷ ಮುನಿಯಪ್ಪನವರು ಕೆಳಗಿನಿಂದ ಗದರಿದರು: "ದೇವ್ರಿಗೆ ಬೆನ್ನಾಕಿ ಕಟ್ತಾರಾ? ಮಕ ಇಂಗೆ ತಿರುಗ್ಸಪ್ಪ!"

"ತಿರುಗ್ಸು ಶಿವಪ್ಪ, ಹೇಗಿಟ್ರೂ ಒಂದೇ" ಎಂದೆ ನಾನು.

ಹೇಗಿಟ್ಟರೂ ಒಂದೇ ಅಲ್ಲ ಎಂಬುದೇ ನನ್ನ ಪಿಎಚ್‌ಡಿ!

ಸಂಜೆ ಸುಮತಿ ಹಾಡು ಶುರು ಮಾಡಿದಳು. ಪರೀಕ್ಷಿಸಲೆಂದು ನಾನೂ ಶಿವಪ್ಪನೂ ಬೀದಿಯ ಮಧ್ಯದ ಕಂಬದ ಕೆಳಗೆ ನಿಂತಿದ್ದೆವು.

"ಅಕ್ಕಾರ ಹಾಡ ಇಲ್ಲಿ ಕೇಳವಲ್ತಲ್ರೀ ಸರ."

ನಾನು ದನಿ ತಗ್ಗಿಸಿ ಹೇಳಿದೆ: "ಕೇಳದಿದ್ರೇ ಒಳ್ಳೇದು ಬಿಡು. ಎರಡನೇ ಚರಣದಲ್ಲಿ ಯಾವಾಗ್ಲೂ ಶ್ರುತಿ ಬಿಡ್ತಾಳೆ."

ಪೆಂಡಾಲಿನ ಕಡೆಯಿಂದ ದೊಡ್ಡ ನಗು ಕೇಳಿಸಿತು. ಓಡಿದೆ.

ಅಲ್ಲಿ ಇಡೀ ಬೀದಿ ಬಂದು ಗುಡ್ಡೆ ಬಿದ್ದಿತ್ತು. ಯಾರದೋ ಕುಕ್ಕರಿನ ಸೀಟಿ, ಯಾರದೋ ಟಿವಿ ಧಾರಾವಾಹಿಯ ಅಳು, ಸಮಿತಿಯ ಚಿತ್ರಾನ್ನಕ್ಕೆ ಉಪ್ಪಿಲ್ಲವೆಂದು ಮುನಿಯಪ್ಪನವರ ಹೆಂಡತಿಯೇ ಫೋನಿನಲ್ಲಿ ಆಡುತ್ತಿದ್ದ ದೂರು, ಎಲ್ಲವೂ ಗಣಪತಿಯ ಸನ್ನಿಧಿಯಲ್ಲಿ ಗುಡುಗುತ್ತಿದ್ದವು. ಸುಮತಿ ಮೊದಲ ಚರಣಕ್ಕೇ ಹಾಡು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಎಲ್ಡ್ನೇ ಚರಣದಲ್ಲಿ ಸುರುತಿ ಬುಡ್ತಾರಂತಲ್ಲಾ ಸಾರ್, ಮೇಡಮ್ಮೋರು?" ಎಂದರು ಮುನಿಯಪ್ಪ.

ಆಗ ನಾನು ಪೆಟ್ಟಿಗೆಗಳ ಸ್ವಿಚ್ಚು ಆರಿಸಬಹುದಿತ್ತು. ಆರಿಸಲಿಲ್ಲ. ಗುಡ್ಡೆ ಬಿದ್ದ ಶಬ್ದಕ್ಕೆ ಹೊರಹೋಗಲು ದಾರಿ ಬೇಕಲ್ಲ ಎಂದು ಯೋಚಿಸಿದೆ. ಬೀದಿಯ ಇನ್ನೊಂದು ತುದಿ ಪಕ್ಕದಲ್ಲೇ ಇತ್ತು. ಒಂದು ವೈರು ಎಳೆದು ಕೊನೆಯ ಪೆಟ್ಟಿಗೆಯನ್ನು ಮೊದಲನೆಯದಕ್ಕೆ ಸೇರಿಸಿದೆ.

ಬಳೆ ಆಯಿತು.

ಶಬ್ದ ಬೀದಿ ಸುತ್ತಿತು. ಸುತ್ತಿ ಬಂದು ಬೆಳೆಯಿತು. ಬೆಳೆದು ಮತ್ತೆ ಸುತ್ತಿತು! ಆ ಊಳಿಗೆ ಬೀದಿಯ ನಾಯಿಗಳೆಲ್ಲ ದನಿಗೂಡಿಸಿದವು. ಜನ ಪ್ರಸಾದದ ದೊನ್ನೆ ಕೆಳಗಿಟ್ಟು ಕಿವಿ ಮುಚ್ಚಿಕೊಂಡರು. ಕೊನೆಗೆ ಮುನಿಯಪ್ಪನವರು ಫ್ಯೂಸನ್ನೇ ಕಿತ್ತರು.

ಆ ನಿಶ್ಶಬ್ದದಲ್ಲಿ ಸುಮತಿ ಎದ್ದು ನಿಂತು ಎರಡನೇ ಚರಣ ಹಾಡಿದಳು. ಮೈಕಿಲ್ಲ, ಪೆಟ್ಟಿಗೆಯಿಲ್ಲ. ಕಣ್ಣು ನನ್ನ ಮೇಲೆ. ಎಳ್ಳಷ್ಟೂ ಶ್ರುತಿ ತಪ್ಪಲಿಲ್ಲ. ಬೀದಿಯ ನಡುವಿನವರೆಗೂ ಚೆನ್ನಾಗಿ ಕೇಳಿಸಿತೆಂದು ಶಿವಪ್ಪ ಓಡಿ ಬಂದು ಹೇಳಿದ. ಅವನನ್ನು ಯಾರೂ ಕೇಳಿರಲಿಲ್ಲ.

"ಮೇಡಂ, ಮುಂದಿನ್ ವರ್ಸಾನೂ ನೀವೇ ಬರ್ಬೇಕು" ಎಂದರು ಮುನಿಯಪ್ಪ. "ಸಾರ್‌ನ ಮಾತ್ರ ಆವತ್ತು ಎಲ್ಲಿಗಾದ್ರೂ ಕಳ್ಸ್ಬುಡಿ."

ಪೆಟ್ಟಿಗೆಗಳು ಈಗ ಅಟ್ಟದ ಮೇಲಿವೆ. ಆದರೂ ವ್ಯವಸ್ಥೆ ಮನೆಯಲ್ಲಿ ಯಥಾಪ್ರಕಾರ ನಡೆದಿದೆ. ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ, ಹಿಂದಿರುಗುವುದು ಏನೂ ಇಲ್ಲ. ಎಲ್ಲವೂ ಬಂದು ಗುಡ್ಡೆ ಬೀಳುವ ತುದಿಯಲ್ಲಿ ನಾನು ಕೂತಿದ್ದೇನೆ.