ಮಾತಾಡಬೇಕಾದರೆ ಅಡ್ಮಿಟ್ ಆಗಿ!

ನನ್ನ ಹತ್ತಿರ ಒಂದು ಕಾರ್ಡಿದೆ. ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸಕ್ಕೆ ಸೇರಿದಾಗ ಕಂಪನಿಯವರು ಕೊಟ್ಟ ಆರೋಗ್ಯ ವಿಮೆಯ ಕಾರ್ಡು. ನಮ್ಮ ಸೂಲಿಬೆಲೆ ಕಡೆ ಯಾರಿಗೆ ನೆಗಡಿಯಾದರೂ ಅದನ್ನು ಜೇಬಿನಿಂದ ತೆಗೆದು, "ನಮಗೇನಪ್ಪಾ, ಎಲ್ಲಾ ಫ್ರೀ" ಎಂದು ಹೊಟ್ಟೆ ಉರಿಸುತ್ತಿದ್ದವನು ನಾನು. ಹಾಗಾಗಿ ನನ್ನದೇ ತಲೆ ಕೆಟ್ಟಾಗ ಒಂದಿಷ್ಟೂ ಗಾಬರಿಯಾಗಲಿಲ್ಲ.

ತಲೆ ಕೆಟ್ಟಿದ್ದಂತೂ ನಿಜ. ಶಿಫ್ಟು ಬದಲಾಗಿ ಬದಲಾಗಿ ನಿದ್ದೆ ಓಡಿಹೋಗಿತ್ತು. ಫೋನ್ ರಿಂಗಾದರೆ ಎದೆ ಡವಡವ. ಒಂದು ದಿನ ಹಾಲು ಉಕ್ಕಿತೆಂದು ಹೆಂಡತಿಯ ಮೇಲೆ ಕೂಗಾಡಿದೆ. ಉಕ್ಕಿಸಿದ್ದು ನಾನೇ!

ಶೋಭಾ ಗ್ಯಾಸ್ ಆರಿಸಿ ಶಾಂತವಾಗಿ ಹೇಳಿದಳು: "ನೋಡ್ರೀ, ಮನಸ್ಸಿನ ಡಾಕ್ಟರಿಗೆ ತೋರಿಸ್ಕೊಳ್ಳಿ. ಇಲ್ದಿದ್ರೆ ನಾನು ಸಮೇತನಹಳ್ಳಿಗೆ ಹೋಗ್ತೀನಿ."

ಸಮೇತನಹಳ್ಳಿ ಅವಳ ತವರು. ಅವಳೂ ಕೂಗಾಡಿದ್ದರೆ ನನಗೆ ಭಯವಿರಲಿಲ್ಲ. ಶಾಂತವಾಗಿ ಹೇಳಿದ್ದಕ್ಕೇ ಹೆದರಿದೆ.

"ಅದಕ್ಕೇನಂತೆ, ಕಾರ್ಡಿದೆಯಲ್ಲಾ!" ಎಂದೆ.

ಕಾರ್ಡು ನಡೆಯುವ ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದೆ. ದೇವನಹಳ್ಳಿಯಲ್ಲಿ ಮೂಳೆ ಡಾಕ್ಟರಿದ್ದರು. ಹೊಸಕೋಟೆಯಲ್ಲಿ ಹೆರಿಗೆಗೆ ಎಷ್ಟು ಬೇಕಾದರೂ ಜಾಗವಿತ್ತು. ದೊಡ್ಡಬಳ್ಳಾಪುರದಲ್ಲಿ ಕಡೆಗೂ ಒಬ್ಬರು ಮನಸ್ಸಿನ ಡಾಕ್ಟರು ಸಿಕ್ಕರು. ವಿಮೆ ಎಂಬ ಶಬ್ದ ಕೇಳಿದ್ದೇ ತಡ, ಫೋನಿಟ್ಟರು. ಬೇರೆ ದಾರಿ ಕಾಣದೆ ವಿಮೆಯವರಿಗೇ ಮಾಡಿದೆ.

"ಸರ್, ಡಾಕ್ಟರ ಹತ್ರ ಮಾತಾಡಿ ವಾಪಸ್ ಬಂದ್ರೆ ಕವರ್ ಆಗಲ್ಲ. ಅಡ್ಮಿಟ್ ಆದ್ರೆ ಆಗುತ್ತೆ" ಎಂದಳು ಆ ಕಡೆಯ ಹುಡುಗಿ.

"ಮಾತಾಡೋದಕ್ಕೆ ಯಾಕಮ್ಮಾ ಮಲಗ್ಬೇಕು?"

"ಪಾಲಿಸಿ ಹಂಗಿದೆ ಸರ್."

ಮಲಗಿದೆ! ದೇವನಹಳ್ಳಿಯ ಅದೇ ಸಣ್ಣ ಆಸ್ಪತ್ರೆಯ ಮೂಳೆ ಡಾಕ್ಟರು ನನ್ನ ಬಿಪಿ ನೋಡಿ ಹುಬ್ಬೇರಿಸಿ, "ಇವತ್ತು ಇಲ್ಲೇ ಇರಿ, ಬೆಳಿಗ್ಗೆ ಕೌನ್ಸೆಲಿಂಗ್ ಮೇಡಂ ಬರ್ತಾರೆ" ಎಂದು ಹಾಸಿಗೆ ಕೊಟ್ಟರು. ಊರಲ್ಲಿ ಯಾರಿಗೂ ಹೇಳಬಾರದೆಂದು ಶೋಭಾಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೆ. ಹುಚ್ಚ ಎಂದು ಹೆಸರಿಟ್ಟುಬಿಟ್ಟರೆ? ಇಷ್ಟೆಲ್ಲ ಬುದ್ಧಿ ಓಡಿಸಿದವನು ಬೈಕನ್ನು ಮಾತ್ರ ಗೇಟಿನ ಮುಂದೆಯೇ ನಿಲ್ಲಿಸಿದ್ದೆ. ಅದರ ಹಿಂದೆ ದಪ್ಪಕ್ಷರದಲ್ಲಿ ನನ್ನ ಹೆಸರು, ಊರಿನ ಹೆಸರು!

ನಮ್ಮೂರಿನ ಹಾಲಿನ ವ್ಯಾನು ಓಡಿಸುವ ಮುನಿರಾಜ ಅದನ್ನು ಕಂಡು ನೇರ ವಾರ್ಡಿಗೇ ಬಂದ. "ಏನಾಯ್ತಲಾ?"

ಮನಸ್ಸಿನ ಕಾಯಿಲೆ ಎನ್ನಲು ಬಾಯಿ ಬರಲಿಲ್ಲ. "ಏನಿಲ್ಲ ಕಣೋ, ಎದೆ ಸ್ವಲ್ಪ ಡವಡವ ಅಂತಿತ್ತು" ಎಂದೆ.

ಮುಗಿಯಿತು. ಆ ಮಾತು ಸೂಲಿಬೆಲೆ ತಲುಪುವಾಗ ಹಾರ್ಟ್ ಅಟ್ಯಾಕ್ ಆಗಿತ್ತು. ಸಮೇತನಹಳ್ಳಿ ತಲುಪುವಾಗ ಆಪರೇಷನ್ನೂ ಆಗಿಹೋಗಿತ್ತು. ಆಸ್ಪತ್ರೆ ಸೇರಿದವರನ್ನು ನೋಡಲು ಹೋಗದಿರುವುದು ನಮ್ಮ ಕಡೆ ಮದುವೆಗೆ ಹೋಗದಿರುವುದಕ್ಕಿಂತ ದೊಡ್ಡ ಅಪರಾಧ. ಬೆಳಿಗ್ಗೆ ಗೂಡ್ಸ್ ಆಟೋ ತುಂಬ ಜನ ಬಂದಿಳಿದರು. ಎಲ್ಲರ ಕೈಯಲ್ಲೂ ಬ್ರೆಡ್ಡು, ಮೂಸಂಬಿ. ಅತ್ತೆ ಬಾಗಿಲಲ್ಲೇ ಅಳಲು ಶುರು ಮಾಡಿದರು. ಮಾವ, ಅಂದರೆ ಶೋಭಾಳ ಅಪ್ಪ, ಮಾತಿಲ್ಲದ ಮನುಷ್ಯ, ಹಾಸಿಗೆಯ ತುದಿಯಲ್ಲಿ ಸುಮ್ಮನೆ ಕುಳಿತರು.

ಆಗ ಬಂದರು ಮೇಡಂ. "ಮಾತಾಡ್ಬೇಕು ಅಂದಿದ್ದು ಯಾರು?"

ಊರಿಗೆ ಊರೇ ನನ್ನತ್ತ ನೋಡಿತು. ಇಂಥ ಹೊತ್ತಿನಲ್ಲಿ ಧೈರ್ಯವಾಗಿ ಸತ್ಯ ಹೇಳಬೇಕು. ನಾನು ಮಾವನನ್ನು ತೋರಿಸಿಬಿಟ್ಟೆ!

ಮೇಡಂ ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಮಾವ ಹೋದವರು ಬರಲೇ ಇಲ್ಲ. ಬಾಗಿಲ ಸಂದಿಯಿಂದ ಅವರ ದನಿ ಕೇಳುತ್ತಲೇ ಇತ್ತು: "ದ್ರಾಕ್ಷಿ ತೋಟ ಮಾರ್ಬಿಟ್ಟ ಮೇಲೆ ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಅಂತ್ಲೇ ಗೊತ್ತಾಗಲ್ಲಮ್ಮಾ..." ಅತ್ತೆ ಅಳು ನಿಲ್ಲಿಸಿ ಕಿವಿಗೊಟ್ಟರು. ಕೊನೆಗೆ ಹೊರಗೆ ಬಂದ ಮಾವನ ಮುಖ ಹಗುರಾಗಿತ್ತು. ಬಂದವರೇ ನನ್ನ ಮೂಸಂಬಿಯನ್ನು ಸುಲಿದು ತಿಂದರು.

ಶೋಭಾ ನನ್ನ ಕಿವಿಯ ಹತ್ತಿರ ಬಂದಳು. "ನೀವೀಗ ಒಳಗೆ ಹೋಗ್ತೀರೋ, ನಾನು ಇದೇ ಆಟೋ ಹತ್ತಲೋ?"

ಎದ್ದು ನಿಂತೆ. "ನಂಗೆ ಎದೆ ಅಲ್ಲ, ಮನಸ್ಸು ಸರಿಯಿಲ್ಲ" ಎಂದೆ ಎಲ್ಲರೆದುರಿಗೆ. ಯಾರೂ ನಗಲಿಲ್ಲ.

"ಇಷ್ಟೇನಾ? ಹಂಗಾದ್ರೆ ನನ್ನ ಬ್ರೆಡ್ ವಾಪಸ್ ಕೊಡು ಗುರು" ಎಂದ ಮುನಿರಾಜ.

ಒಳಗೆ ಮೇಡಂ ಮೃದುವಾಗಿ ಹೇಳಿದರು: "ಆರಾಮಾಗಿ ಒರಗಿಕೊಳ್ಳಿ. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ತಗೊಳ್ಳಿ." ತೆಗೆದುಕೊಂಡೆ.

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು! ಮೇಡಂ ಇರಲಿಲ್ಲ. ಗೂಡ್ಸ್ ಆಟೋ ಹೊರಟುಹೋಗಿತ್ತು. ಶೋಭಾ ಮಾತ್ರ ಪಕ್ಕದಲ್ಲೇ ಕುಳಿತಿದ್ದಳು. ಅವಳನ್ನು ಕಂಡು, ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಆಮೇಲೆ ಬಿಲ್ಲು ಕಳಿಸಿದ್ದಕ್ಕೆ ವಿಮೆಯವರ ಉತ್ತರವೂ ಬಂತು: "ರೋಗಿಯು ಆಸ್ಪತ್ರೆಯಲ್ಲಿ ಗಾಢವಾಗಿ ನಿದ್ರಿಸಿರುವುದು ದಾಖಲಾಗಿರುವುದರಿಂದ, ನಿದ್ರಾಹೀನತೆಯ ಚಿಕಿತ್ಸೆಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ."

ಈಗ ಪ್ರತಿ ವಾರ ಕೈಯಿಂದ ದುಡ್ಡು ಹಾಕಿ ಮೇಡಂ ಹತ್ತಿರ ಹೋಗುತ್ತೇನೆ. ಮಾವನೂ ಬರುತ್ತಾರೆ. ಹಿರಿಯರಾದ್ದರಿಂದ ಮೊದಲು ಅವರೇ ಒಳಗೆ ಹೋಗುತ್ತಾರೆ. ನಾನು ಬೆಂಚಿನ ಮೇಲೆ ಕಾಯುತ್ತೇನೆ. ಮೊನ್ನೆ ಮೇಡಂ ಶೋಭಾಳನ್ನು ಕರೆದು ಹೇಳಿದರಂತೆ: "ನಿಮ್ಮ ತಂದೆ ತುಂಬಾ ಸುಧಾರಿಸಿದ್ದಾರೆ. ಅವರ ಜೊತೆ ಬರ್ತಾರಲ್ಲ, ಅವರದ್ದೇ ಸ್ವಲ್ಪ ಕಷ್ಟ!"